ಭಟ್ಟಿಯ ಮೇಲೆ ಗಂಟೆ

ನನ್ನ ಗಂಡ ಸಿದೊ ತನ್ನ ಜನ್ಮದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸವನ್ನು ಮೊದಲ ಸಲ ಕೆಡಿಸಿದವನೂ ಅವನೇ. ನಮ್ಮ ದ್ವೀಪದಲ್ಲಿ ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅದು ಗಂಟೆಯ ಪವಾಡ ಅನ್ನುತ್ತಾಳೆ ನನ್ನ ಬೀಗಿತಿ ಕೊನ್ಸಿಂಗ್. ತನ್ನ ಕೈಗುಣ ಅನ್ನುತ್ತಾನೆ ಸಿದೊ. ಇಬ್ಬರ ಮಾತನ್ನೂ ನಂಬಬೇಡಿ. ಮೊದಲಿನಿಂದ ಕೊನೆಯವರೆಗೂ ಅಲ್ಲೇ ನಿಂತು ಬೈದವಳು ನಾನು, ನನಗೆ ಗೊತ್ತು.

ಆ ವರ್ಷದ ಬಿರುಗಾಳಿಯಲ್ಲಿ ನಮ್ಮ ಬಿನಿತುವನ್‌ನ ಜನವೆಲ್ಲ ಗುಡ್ಡದ ಗವಿಯೊಳಗೆ ಸೇರಿಕೊಂಡಿದ್ದೆವು. ಹೊರಗೆ ಸಮುದ್ರ ಊರೊಳಗೆ ನುಗ್ಗುತ್ತಿದ್ದಾಗ ಒಳಗೆ ನನ್ನ ಸೊಸೆ ಲಿಗಾಯಳಿಗೆ ನೋವು ಶುರುವಾಯಿತು. ಮಗ ದಮ್ಯಾನ್ ಸರಕು ಮಾರಲು ಆಚೆ ದಡಕ್ಕೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಒಂದು ಕಡೆ ನಾನು, ಇನ್ನೊಂದು ಕಡೆ ಕೊನ್ಸಿಂಗ್, ಇಬ್ಬರೂ ಸೇರಿ ಹೆರಿಗೆ ಮಾಡಿಸಿದೆವು. ಮಾಡಿಸುವಾಗಲೂ ಜಗಳ. ಹುಡುಗಿಯ ಬೆನ್ನು ಹಿಡಿಯಬೇಕೋ ಕಾಲು ಹಿಡಿಯಬೇಕೋ ಅಂತ ಜಗಳ. ನಮ್ಮ ಗಲಾಟೆ ತಡೆಯಲಾರದೆಯೋ ಏನೋ, ಮಗು ಬೇಗ ಹೊರಗೆ ಬಂತು. ಹೆಣ್ಣು. ಬಿರುಗಾಳಿಯ ಸದ್ದನ್ನೂ ಮೀರಿಸಿ ಕಿರುಚಿದಳು ನೋಡಿ, ನನಗೆ ಎದೆ ತುಂಬಿ ಬಂತು.

ಗಾಳಿ ನಿಂತ ಮೇಲೆ ಕೆಳಗಿಳಿದು ಬಂದರೆ ಊರೇ ಇಲ್ಲ. ಮನೆಗಳು ಹೋದವು, ದೋಣಿಗಳು ಸೌದೆಯಾಗಿ ಬಿದ್ದಿದ್ದವು. ಅದಕ್ಕೂ ಅಳಲಿಲ್ಲ ನಾವು, ಜೀವ ಉಳಿಯಿತಲ್ಲ ಅಂದುಕೊಂಡೆವು. ಆದರೆ ನೀರು? ಸಮುದ್ರ ಬಾವಿಗಳೊಳಗೆ ಇಳಿದು ಹೋಗಿತ್ತು. ಊರಿನಲ್ಲೇ ಸಿಹಿ ಅನ್ನಿಸಿಕೊಂಡ ಕೊನ್ಸಿಂಗ್ ಮನೆಯ ಬಾವಿಯಲ್ಲಿ ಸತ್ತ ಹಂದಿ ತೇಲುತ್ತಿತ್ತು. ಗುಡ್ಡದ ಒರತೆಯ ಮೇಲೆ ಮಣ್ಣು ಕುಸಿದು ಕೂತಿತ್ತು. ಮಳೆನೀರು ಹಿಡಿದಿಟ್ಟ ಹಂಡೆಗಳು ಚೂರುಚೂರು. ಮೊದಮೊದಲು ಉದುರಿದ ಎಳನೀರು ಕುಡಿದೆವು, ಹಬ್ಬದ ಹಾಗೆ ಕುಡಿದೆವು, ನಾಳೆ ಅಂತ ಒಂದಿದೆ ಅನ್ನುವುದೂ ನೆನಪಿರಲಿಲ್ಲ. ಅವು ಮುಗಿದ ಮೇಲೆ ತಲೆ ಎತ್ತಿ ನೋಡಿದರೆ ಮರಗಳಿಗೆ ತಲೆಗಳೇ ಇಲ್ಲ. ಆಕಾಶದಲ್ಲಿ ಒಂದು ಮೋಡದ ಚೂರೂ ಇಲ್ಲ. ಅಷ್ಟು ನೀರು ಸುರಿದ ಆಕಾಶ ಈಗ ಏನೂ ಗೊತ್ತಿಲ್ಲದ ಹಾಗೆ ನಗುತ್ತಿತ್ತು.

ಬಾವಿ ನೀರನ್ನು ಕಾಯಿಸಿ ನೋಡಿದೆವು. ಕಾಯಿಸಿದರೆ ಕೊಳೆ ಸಾಯುತ್ತದೆ, ಉಪ್ಪು ಸಾಯುತ್ತದೆಯೇ? ಕುಡಿದವರು ವಾಂತಿ ಮಾಡಿಕೊಂಡು ಇನ್ನಷ್ಟು ಒಣಗಿದರು. ಆಚೆ ದಡದಿಂದ ಯಾರೂ ಬರಲಿಲ್ಲ. ಅವರಿಗೂ ಅವರದೇ ಗೋಳಿರಬೇಕು.

ಲಿಗಾಯಳಿಗೆ ಆಗತಾನೇ ಇಳಿದಿದ್ದ ಹಾಲು ಬತ್ತಿಹೋಯಿತು. ತಾಯಿಯ ಬಾಯಿಗೆ ನೀರಿಲ್ಲದ ಮೇಲೆ ಎದೆಗೆ ಎಲ್ಲಿಂದ ಬರಬೇಕು? ಮಗು ಚೀಪಿ ಚೀಪಿ ಸೋತು ಬಿಟ್ಟುಬಿಡುತ್ತಿತ್ತು. ಬಿರುಗಾಳಿಯನ್ನೇ ಮೀರಿಸಿದ ಗಂಟಲು ಬೆಕ್ಕಿನ ಮರಿಯ ಸದ್ದಿಗೆ ಇಳಿಯಿತು. ಆಮೇಲೆ ಅದೂ ಇಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ಇನ್ನು ಒಂದೆರಡು ದಿನ ಹೀಗೇ ಆದರೆ ಈ ಮಗು ನಮ್ಮದಲ್ಲ ಅಂತ ಗೊತ್ತಾಗಿಹೋಯಿತು.

ಅನ್ನದ ಪಾತ್ರೆಯಲ್ಲಿ ಬಾವಿ ನೀರು ಕುದಿಯುತ್ತಿತ್ತು, ಹಂದಿಯ ನಾತವಾದರೂ ಹೋಗಲಿ ಅಂತ. ಮುಚ್ಚಳ ತೆಗೆದೆ. ಅದರ ಒಳಮೈ ತುಂಬ ಹನಿ. ತಲೆ ಕೆಟ್ಟವಳ ಹಾಗೆ ನೆಕ್ಕಿಬಿಟ್ಟೆ. ಉಪ್ಪಿಲ್ಲ! ಇನ್ನೊಂದು ಸಲ ನೆಕ್ಕಿದೆ. ಇಲ್ಲವೇ ಇಲ್ಲ. ತಿರುಗಿ ನೋಡಿದರೆ ನನ್ನ ಗಂಡ ಒಂದು ತುಂಡು ಮರದ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಾನೆ.

"ಲೋ ಸಿದೊ, ನಿನ್ನ ಭಟ್ಟಿ ಎಲ್ಲೋ?" ಅಂದೆ.

"ಯಾಕೆ?"

"ಕಾಯ್ಸಕ್ಕೆ!"

"ಏನು ಕಾಯ್ಸ್ತೀಯ? ಕಳ್ಳೆಲ್ಲಿದೆ? ಮರಾನೇ ಇಲ್ಲ ಅಂತೀನಿ, ಇವಳಿಗೆ ಈಗ ಸಾರಾಯಿ ಬೇಕಂತೆ!"

"ಸಮುದ್ರ ಕಾಯ್ಸೋ ಪುಣ್ಯಾತ್ಮ! ಸಮುದ್ರ!"

ಅವನು ನನ್ನ ಮುಖ ನೋಡಿದ. ಮುಚ್ಚಳ ನೋಡಿದ. ಆಮೇಲೆ ಎದ್ದು ಓಡಿದ ರೀತಿ ನೋಡಬೇಕಿತ್ತು ನೀವು, ನನ್ನನ್ನು ಮದುವೆಯಾಗುವಾಗಲೂ ಅಷ್ಟು ಜೋರಾಗಿ ಓಡಿ ಬಂದಿರಲಿಲ್ಲ.

ನಮ್ಮದು ತಲೆತಲಾಂತರದಿಂದ ಭಟ್ಟಿಯ ಮನೆ. ತೆಂಗಿನ ಕಳ್ಳನ್ನು ಕಾಯಿಸಿ ಲಂಬನೋಗ್ ಇಳಿಸುವುದು ನಮ್ಮ ಕಸುಬು. ಕೆಳಗೆ ಕಬ್ಬಿಣದ ಬಾಣಲೆ, ಅದರ ಮೇಲೆ ತಳವಿಲ್ಲದ ಮರದ ಪೀಪಾಯಿ, ಪೀಪಾಯಿಯ ಬಾಯಿಗೆ ತಣ್ಣೀರು ತುಂಬಿದ ಇನ್ನೊಂದು ಬಾಣಲೆ. ಆವಿ ಮೇಲೇರಿ ಆ ತಣ್ಣನೆಯ ತಳಕ್ಕೆ ತಾಗಿ ಹನಿಯಾಗುತ್ತದೆ, ಹನಿ ಮರದ ಸೌಟಿಗೆ ಬಿದ್ದು ಬಿದಿರಿನ ಕೊಳವೆಯಲ್ಲಿ ಹೊರಗೆ ಬರುತ್ತದೆ. ಅಷ್ಟೇ ವಿದ್ಯೆ. ಕೆಳಗಿನ ಬಾಣಲೆ ಭಾರಕ್ಕೆ ಎಲ್ಲೂ ಹೋಗದೆ ಮರಳಲ್ಲಿ ಹೂತು ಕೂತಿತ್ತು. ಪೀಪಾಯಿ ಹಲಸಿನ ಜಾತಿಯ ಒಂದು ಮರದ ಕವಲಲ್ಲಿ ಸಿಕ್ಕಿಕೊಂಡಿತ್ತು. ಸೌಟು ಕೆತ್ತಿದೆವು, ಬಿದಿರು ಕಡಿದೆವು. ಮೇಲಿನ ಬಾಣಲೆ ಮಾತ್ರ ಸಮುದ್ರದ ಪಾಲಾಗಿತ್ತು.

ಅನ್ನದ ಪಾತ್ರೆ ಇಟ್ಟು ನೋಡಿದೆವು; ಪೀಪಾಯಿಯ ಬಾಯಿಗೆ ಸಾಲದೆ ಆವಿಯೆಲ್ಲ ಪಕ್ಕದಿಂದ ಹಾರಿಹೋಯಿತು. ಮಣ್ಣಿನ ಗಡಿಗೆಯ ತಳ ಇಟ್ಟೆವು. ಶಾಖಕ್ಕೆ ಟಪ್ ಎಂದು ಸೀಳಿತು. ಸಿದೊ ಸುತ್ತಲೂ ಕಣ್ಣು ಹಾಯಿಸುತ್ತಾ ಹಾಯಿಸುತ್ತಾ ಒಂದು ಕಡೆ ನಿಲ್ಲಿಸಿಬಿಟ್ಟ. ಅವನು ಏನು ನೋಡುತ್ತಿದ್ದಾನೆ ಅಂತ ನಾನೂ ತಿರುಗಿ ನೋಡಿದೆ.

ಚರ್ಚಿನ ಗಂಟೆ. ಗೋಪುರ ಬಿದ್ದು, ಕಂಚಿನ ಗಂಟೆ ಮರಳ ಮೇಲೆ ಅಂಗಾತ ಬಿದ್ದಿತ್ತು. ಬಾಯಿ ಮೇಲಕ್ಕೆ, ತಲೆ ಕೆಳಕ್ಕೆ. ಅಗಲ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಆ ಗಂಟೆಯ ಪಕ್ಕದಲ್ಲೇ ಜಪಮಾಲೆ ಹಿಡಿದು ಕೂತಿದ್ದವಳು ನನ್ನ ಬೀಗಿತಿ.

ಕೊನ್ಸಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಚರ್ಚು ಗುಡಿಸುವವಳು, ಗಂಟೆ ಹೊಡೆಯುವವಳು, ಪ್ರಾರ್ಥನೆ ಹೇಳಿಕೊಡುವವಳು ಎಲ್ಲ ಅವಳೇ. ಹೆಂಡದ ಮನೆಗೆ ಹೆಣ್ಣು ಕೊಡುವುದಿಲ್ಲ ಅಂತ ಹಟ ಹಿಡಿದಿದ್ದಳು. ಮಗಳು ಊಟ ಬಿಟ್ಟು ಕೂತ ಮೇಲೆ ಮೂಗು ಮುರಿಯುತ್ತಾ ಒಪ್ಪಿದಳು. ಮದುವೆಯಾದ ಮೇಲೂ ನಮ್ಮ ಮನೆಗೆ ಬಂದರೆ ನಮ್ಮ ಲೋಟದಲ್ಲಿ ನೀರು ಕುಡಿದವಳಲ್ಲ; ತನ್ನ ಬಾಟಲಿ ತಾನೇ ತರುತ್ತಿದ್ದಳು. ಅದನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಾದರೂ ತರುತ್ತಿದ್ದಳೇ? ಇಲ್ಲ, ಊರಿಗೆಲ್ಲ ಕಾಣುವ ಹಾಗೆ ಕೈಯಲ್ಲಿ ಹಿಡಿದು ಬರುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು ನನಗೆ.

"ಬೀಗಿತಿ, ಗಂಟೆ ಬೇಕಿತ್ತು," ಅಂದೆ.

"ಯಾತಕ್ಕೆ?"

"ಭಟ್ಟಿ ಮೇಲೆ ಇಡಕ್ಕೆ."

ಅವಳು ಎದ್ದು ಗಂಟೆಗೆ ಅಡ್ಡ ನಿಂತಳು. "ಏನಂದ್ರಿ? ಬಿಷಪ್ಪು ಬಂದು ಮಂತ್ರಿಸಿದ ಗಂಟೆ ಇದು. ಇದನ್ನ ತಗೊಂಡು ಹೋಗಿ ಸಾರಾಯಿ ಭಟ್ಟಿ ಮೇಲೆ ಕೂರಿಸ್ತೀರಾ? ನಾಚಿಕೆ ಆಗಲ್ವೇನ್ರೀ?"

"ಸಾರಾಯಿಗಲ್ಲ ಕಣ್ರೀ, ನೀರಿಗೆ!"

"ಭಟ್ಟಿಯಿಂದ ನೀರು ಬರತ್ತಂತೆ! ಹುಲಿ ಹಾಲು ಕರೀತೀನಿ ಅನ್ನಿ, ಅದನ್ನಾದ್ರೂ ನಂಬ್ತೀನಿ. ದೇವರಿಗೆ ಬೇಕಾದ್ರೆ ಮಳೆ ಕೊಡ್ತಾನೆ."

"ಕೊಡ್ತಾನೆ, ಕೊಡ್ತಾನೆ. ನಾವೆಲ್ಲ ಹೋದ್ಮೇಲೆ ನಮ್ಮ ಸಮಾಧಿ ಮೇಲೆ ಸುರಿಸ್ತಾನೆ!"

ಸಿದೊ ನಡುವೆ ಬಂದು "ಬೀಗರೇ, ಬೇಕಾದ್ರೆ ಆಮೇಲೆ ಪಾದ್ರಿಗಳ ಹತ್ರ ನಾನೇ ತಪ್ಪೊಪ್ಪಿಗೆ..." ಅಂತ ಶುರುಮಾಡಿದ. "ನಡುವೆ ಬಾಯಿ ಹಾಕೋದು ಬೇಡ!" ಅಂತ ನಾವಿಬ್ಬರೂ ಒಟ್ಟಿಗೇ ಅಂದೆವು. ಆ ಒಂದು ವಿಷಯದಲ್ಲಿ ಬೀಗಿತಿಗೂ ನನಗೂ ಯಾವಾಗಲೂ ಒಂದೇ ಮನಸ್ಸು.

ಇನ್ನು ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿತು. ಹೋಗಿ ಲಿಗಾಯಳ ಪಕ್ಕದಿಂದ ಮಗುವನ್ನು ಎತ್ತಿಕೊಂಡು ಬಂದೆ. ಲಿಗಾಯಳಿಗೆ ಕಣ್ಣು ಬಿಡುವಷ್ಟೂ ತ್ರಾಣವಿರಲಿಲ್ಲ, ಕೈಯಾಡಿಸಿ ಮಗುವನ್ನು ಹುಡುಕಿದಳು ಪಾಪ. ತಂದು ಕೊನ್ಸಿಂಗ್ ಕೈಗೆ ಹಾಕಿದೆ.

"ತಗೊಳ್ಳಿ. ಕೊಡಲ್ಲ ಅಂತ ಇವಳಿಗೇ ಹೇಳಿ," ಅಂದೆ.

ಕೊನ್ಸಿಂಗ್ ಮಗುವಿನ ಮುಖ ನೋಡಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೆತ್ತಿಯ ಮೆತ್ತನೆ ಜಾಗ ಗುಳಿ ಬಿದ್ದಿತ್ತು. ಮಗು ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಬೀಗಿತಿ ಬೆರಳಿಂದ ಆ ತುಟಿ ಸವರಿದಳು. ಆಮೇಲೆ ಮಗುವನ್ನು ನನಗೆ ಕೊಟ್ಟು, ಗಂಟೆಯ ಕಡೆ ತಿರುಗಿ, ಶಿಲುಬೆಯ ಗುರುತು ಮಾಡಿಕೊಂಡಳು.

"ಹೀಗೇ ಇಡಕ್ಕಾಗಲ್ಲ ಇದನ್ನ," ಅಂದಳು, "ಕಿಲುಬು ಹಿಡಿದಿದೆ ನೋಡಿ, ಹಸಿರಿಗೆ. ಹೊಟ್ಟೆಗೆ ಹೋದ್ರೆ ವಿಷ. ಹುಣಸೆಹಣ್ಣು ಹುಡುಕಿ. ಬೂದಿ ತನ್ನಿ. ನಿಂತ್ಕೊಂಡು ಏನ್ ನೋಡ್ತೀರಾ?"

ತಾನೇ ಉಜ್ಜಿದಳು. ಹುಣಸೆ ಹುಳಿ, ಬೂದಿ, ತೆಂಗಿನ ನಾರು ಹಾಕಿ ತಲೆಯಿಂದ ಅಂಚಿನವರೆಗೆ ಉಜ್ಜಿ ಉಜ್ಜಿ ಗಂಟೆಯನ್ನು ಬಂಗಾರ ಮಾಡಿಬಿಟ್ಟಳು. ಬೆವರು ಬರಬೇಕಾದ ಕೆಲಸ, ಬೆವರಲು ಅವಳ ಮೈಯಲ್ಲಿ ನೀರಿರಲಿಲ್ಲ. ಊರಿನ ಗಂಡಸರು ಸೇರಿ ಗಂಟೆಯನ್ನೆತ್ತಿ ಪೀಪಾಯಿಯ ಮೇಲೆ ತಲೆಕೆಳಗಾಗಿ ಕೂರಿಸಿದರು. ಪೀಪಾಯಿಯ ಅಂಚಿನ ಸುತ್ತ ಬಾಳೆನಾರು ತುರುಕಿ ಜೇಡಿಮಣ್ಣು ಮೆತ್ತಿದೆವು. ಕೆಳಗಿನ ಬಾಣಲೆಗೆ ಸಮುದ್ರದ ನೀರು, ಮೇಲೆ ಗಂಟೆಯ ಬಾಯೊಳಗೂ ಸಮುದ್ರದ ನೀರು. ಮುರಿದ ದೋಣಿಗಳೇ ಸೌದೆ. ಬೆಂಕಿ ಹತ್ತಿತು.

ಕಾದೆವು. ಬಾಣಲೆ ಗೊರಗುಟ್ಟತೊಡಗಿತು. ಕೊಳವೆಯ ತುದಿಯಲ್ಲಿ ಒಂದು ಹನಿ ಕಾಣಿಸಿತು, ಹಿಗ್ಗಿತು, ಬಿತ್ತು. ಅದರ ಹಿಂದೆ ಇನ್ನೊಂದು. ಊರಿಗೆ ಊರೇ ಕೊಳವೆಯ ಸುತ್ತ ಬಗ್ಗಿ ನಿಂತಿತ್ತು.

ಕೊನ್ಸಿಂಗ್ ಬಗ್ಗಿ ಮೂಸಿದಳು. ಮುಖ ಕಪ್ಪಿಟ್ಟಿತು. "ಥೂ! ಸಾರಾಯಿ ನಾತ! ಇದನ್ನ ನನ್ನ ಮಗಳಿಗೆ ಕುಡಿಸ್ತೀರಾ? ಕೂಸಿಗೆ ಅಮಲು ಹತ್ತಿ ಸಾಯ್ಲಿ ಅಂತನಾ?"

ನಾನೂ ಮೂಸಿದೆ. ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ಅವಳ ಮಾತು ನಿಜ. ಸಿದೊನ ಅಜ್ಜನ ಕಾಲದಿಂದ ಸಾರಾಯಿ ಕುಡಿದ ಪೀಪಾಯಿ ಅದು, ಮೊದಲ ಆವಿಗೆ ಅದನ್ನೆಲ್ಲ ಕಕ್ಕುತ್ತಿತ್ತು.

"ಮೊದಲು ಬರೋದು ಹಾಗೇನೇ ರೀ. ಇನ್ನೊಂದು ಚೂರು ಹೋಗ್ಲಿ, ಸರಿಹೋಗತ್ತೆ," ಅಂದೆ. ಗಂಟೆಯೊಳಗಿನ ನೀರು ಬಿಸಿಯಾಗತೊಡಗಿತ್ತು. ಅದು ತಣ್ಣಗಿಲ್ಲದಿದ್ದರೆ ಹನಿ ಕಟ್ಟುವುದಿಲ್ಲ. ಬದಲಾಯಿಸಲು ನೀರು ತರಬೇಕಿತ್ತು. ಸಿದೊನನ್ನು ಕೊಳವೆಯ ಮುಂದೆ ಕೂರಿಸಿ ನಾನೂ ಬೀಗಿತಿಯೂ ಕೊಡ ಹಿಡಿದು ಸಮುದ್ರಕ್ಕೆ ಹೋದೆವು. ಅದೇ ನಾನು ಮಾಡಿದ ತಪ್ಪು. ನನ್ನ ಗಂಡನನ್ನು ಭಟ್ಟಿಯ ಮುಂದೆ ಒಬ್ಬನನ್ನೇ ಬಿಡಬಾರದಿತ್ತು.

ಹಿಂತಿರುಗಿ ಬಂದರೆ ಬೆಂಕಿಯಿಂದ ಸೌದೆಗಳನ್ನು ಹೊರಗೆಳೆಯುತ್ತಿದ್ದಾನೆ. ಒಂದು ಪುಟ್ಟ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೆಮ್ಮೆಯಿಂದ ನನ್ನ ಕಡೆ ಚಾಚಿದ. ಅದರಿಂದ ಗಮ್ಮೆಂದು ಸಾರಾಯಿಯ ವಾಸನೆ. ಪಕ್ಕದಲ್ಲಿ ದೊಡ್ಡ ಮಡಕೆ ಬೋರಲು ಬಿದ್ದಿತ್ತು. ಮರಳು ಒದ್ದೆಯಾಗಿತ್ತು.

"ಆ ಮಡಕೇಲಿದ್ದಿದ್ದು ಎಲ್ಲೋ?" ಅಂದೆ.

"ಅದಾ? ಚೆಲ್ಲಿದೆ. ಒಳ್ಳೇದನ್ನ ಎತ್ತಿಟ್ಟಿದೀನಿ, ತಗೋ. ಆಮೇಲೆ ಬಂದಿದ್ದೆಲ್ಲ ಸಪ್ಪೆ. ಬೆಂಕಿಗೆ ಎರಚಿ ನೋಡಿದೆ, ಹತ್ತಿಕೊಳ್ಳಲೇ ಇಲ್ಲ. ಏನೂ ಇಲ್ಲ ಅದ್ರಲ್ಲಿ, ಬರೀ ನೀರು..."

ಅಲ್ಲಿಗೆ ಅವನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ಬದುಕಿಡೀ ಮಾಡಿದ್ದು ಅದೇ ತಾನೇ. ನಾಲಿಗೆಗೆ ಚುರ್ ಅನ್ನುವುದನ್ನು ಎತ್ತಿಡುವುದು, ಹನಿ ಸಪ್ಪೆಯಾದ ಕೂಡಲೇ ಬೆಂಕಿ ಎಳೆದು ಉಳಿದದ್ದನ್ನು ಚೆಲ್ಲುವುದು. ಅವನಪ್ಪನೂ ಚೆಲ್ಲಿದ, ಅಜ್ಜನೂ ಚೆಲ್ಲಿದ. ತಲೆ ಕೇಳುವ ಮೊದಲೇ ಕೈ ಕೆಲಸ ಮುಗಿಸಿತ್ತು. ಈಗ ಯೋಚಿಸಿದರೆ ಅರ್ಥವಾಗುತ್ತದೆ. ಆಗ ಅರ್ಥವಾಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಅವನ ವಂಶವನ್ನು ಬೈದೆ, ಅವನನ್ನು ನನಗೆ ಗಂಟುಹಾಕಿದ ನನ್ನಪ್ಪನನ್ನು ಬೈದೆ. ಮರದ ಸೌಟು ತಗೊಂಡು ಬೆನ್ನಿಗೆರಡು ಬಾರಿಸಿದೆ. ಅವನು ತಪ್ಪಿಸಿಕೊಳ್ಳಲೂ ಇಲ್ಲ, ಒದ್ದೆ ಮರಳನ್ನು ನೋಡುತ್ತಾ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅಳುತ್ತಾ ಕೂತ. ನೋಡಿ ನನಗೂ ಅಳು ಬಂತು.

ಕೊನ್ಸಿಂಗ್ ಮಾತ್ರ ಬಗ್ಗಿ ಬೋರಲಾದ ಮಡಕೆಯನ್ನೆತ್ತಿದಳು. ತಳದಲ್ಲಿ ಉಳಿದಿದ್ದ ಒಂದು ತೊಟ್ಟನ್ನು ಬೆರಳಿಗೆ ತಾಗಿಸಿ ನಾಲಿಗೆಗಿಟ್ಟುಕೊಂಡಳು.

"ಬೀಗರೇ, ಏನಂದ್ರಿ ಈಗ? ಬರೀ ನೀರು ಅಂದ್ರಾ?"

ಸಿದೊ ತಲೆಯಾಡಿಸಿದ.

"ಹಂಗಾದ್ರೆ ನೀರು ಬರತ್ತೆ," ಅಂದಳು ಬೀಗಿತಿ. "ಬಂದಿತ್ತಲ್ಲ! ಬಂದಿದ್ದಕ್ಕೇ ತಾನೆ ಚೆಲ್ಲಿದ್ದು? ಇನ್ನೊಂದು ಸಲನೂ ಬರತ್ತೆ. ಏಳಿ ಎಲ್ಲಾರೂ! ಇಸ್ಯಾಂಗ್, ಅಳೋದು ಸಾಕು, ಆ ಸೌದೆ ಒಳಗೆ ತಳ್ಳಿ."

ಅಲ್ಲಿಯವರೆಗೆ ಅವಳು ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬೆಪ್ಪಾಗಿ ಸೌದೆ ತಳ್ಳಿದೆ.

"ನೀವು ಬೆಂಕಿ ನೋಡ್ಕೊಳ್ಳಿ ಬೀಗರೇ," ಅಂತ ಸಿದೊನಿಗೂ ಹೇಳಿದಳು. "ಕೊಳವೆ ಹತ್ರ ಮಾತ್ರ ಬರಬೇಡಿ. ಸಾರಾಯಿ ರುಚಿ ಗೊತ್ತಿರೋ ನಾಲಿಗೆ ಇಲ್ಲಿ ಬೇಡ. ನಾನು ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿದೋಳಲ್ಲ. ನಾನೇ ಕೂರ್ತೀನಿ."

ನಮ್ಮ ಭಟ್ಟಿಯ ಮುಂದೆ, ಸಿದೊನ ಮಣೆಯ ಮೇಲೆ, ಕೊನ್ಸಿಂಗ್ ಕೂತಳು. ಬೆಂಕಿ ಮತ್ತೆ ಹತ್ತಿತು. ಈ ಸಲ ಸಿದೊ ತನ್ನ ವಿದ್ಯೆಯನ್ನೆಲ್ಲ ಬೆಂಕಿಗೆ ಹಾಕಿದ. ಜೋರಾದರೆ ಉಪ್ಪುನೀರು ಉಕ್ಕಿ ಕೊಳವೆಗೆ ಬರುತ್ತದೆ, ಮಂದವಾದರೆ ಆವಿ ಏಳುವುದಿಲ್ಲ, ಬಾಣಲೆ ಪೂರ್ತಿ ಬತ್ತಿದರೆ ಉಪ್ಪು ಸೀದುಹೋಗುತ್ತದೆ. ಒಂದು ತುಂಡು ತಳ್ಳುತ್ತಾ ಒಂದು ತುಂಡು ಎಳೆಯುತ್ತಾ ಕೂತುಬಿಟ್ಟ. ನಾನು ಗಂಟೆಯ ನೀರು ಬದಲಾಯಿಸುತ್ತಾ ಹೋದೆ. ಹನಿ ಶುರುವಾಯಿತು. ಕೊನ್ಸಿಂಗ್ ಮೂಸಿ ನೋಡಿ ಚೆಲ್ಲಿದಳು. ಮತ್ತೆ ಮೂಸಿದಳು, ಮತ್ತೆ ಚೆಲ್ಲಿದಳು. ಚೆಲ್ಲಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಆಮೇಲೆ ತೆಂಗಿನ ಚಿಪ್ಪನ್ನು ಕೊಳವೆಗೆ ಒಡ್ಡಿದಳು. ಅದು ತುಂಬುವವರೆಗೆ ಕಾದು, ಕಣ್ಣು ಮುಚ್ಚಿ, ನಮ್ಮ ಮನೆಯ ನೀರಿನ ಮೊದಲ ಗುಟುಕನ್ನು ಕುಡಿದಳು.

"ಹೇಗಿದೆ?" ಅಂದೆ.

"ಸಪ್ಪೆ," ಅಂದಳು. ಇನ್ನೊಂದು ಗುಟುಕು ಕುಡಿದಳು. ಕಣ್ಣು ಬಿಟ್ಟಳು. "ಸಪ್ಪೆ ಕಣ್ರೀ! ಪೂರ್ತಿ ಸಪ್ಪೆ!"

"ಸಪ್ಪೆಯಂತೆ!" ಅಂತ ಯಾರೋ ಕೂಗಿದರು. "ಸಪ್ಪೆ! ಸಪ್ಪೆ!" ಅಂತ ಇಡೀ ಊರು ಕೂಗಿತು, ಕುಣಿಯಿತು, ಗಂಟಲು ಒಣಗಿದ್ದೂ ಮರೆತು ಕೇಕೆ ಹಾಕಿತು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಸಪ್ಪೆ ಅಂದವನ ಕೊರಳಪಟ್ಟಿ ಹಿಡಿಯುತ್ತಿದ್ದ ಸಿದೊ ಅವತ್ತು ಆ ಮಾತು ಕೇಳಿ ಬೆಂಕಿಯ ಮುಂದೆ ಕೂತಲ್ಲೇ ಎರಡೂ ಕೈ ಮೇಲೆತ್ತಿದ.

ಉಳಿದ ನೀರನ್ನು ಚಿಪ್ಪಿನಲ್ಲೇ ಲಿಗಾಯಳ ಹತ್ತಿರ ಒಯ್ದೆವು. ಒಮ್ಮೆಲೇ ಕುಡಿಸಿದರೆ ವಾಂತಿಯಾದೀತು ಅಂತ ಒಂದೊಂದೇ ಚಮಚ ಬಿಟ್ಟೆವು. ಬೆನ್ನು ಹಿಡಿದವಳು ನಾನು, ಚಮಚ ಹಿಡಿದವಳು ಕೊನ್ಸಿಂಗ್. ಯಾರು ಏನು ಹಿಡಿಯಬೇಕು ಅಂತ ಈ ಸಲ ಜಗಳವಾಗಲಿಲ್ಲ. ಚಿಪ್ಪು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಚಿಪ್ಪು ಬಂತು. ಸಂಜೆಗೆ ಲಿಗಾಯ ಕಣ್ಣು ಬಿಟ್ಟಳು. "ಅಮ್ಮಾ, ಮಗು," ಅಂದಳು. ನಾವಿಬ್ಬರೂ ಒಟ್ಟಿಗೆ "ಇದೆ ಕಣೇ" ಅಂದೆವು. ಮಾರನೆಯ ದಿನ ಮಧ್ಯಾಹ್ನ ಮಗುವನ್ನು ಎದೆಗಿಟ್ಟಾಗ ಅದು ಚೀಪಿತು, ನಿಂತಿತು, ಮತ್ತೆ ಚೀಪಿತು. ಆಮೇಲೆ ಗುಟುಕ್ ಅಂತ ನುಂಗಿದ ಸದ್ದು ಕೇಳಿಸಿತು. ನಾನು ಬೀಗಿತಿಯ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳು "ಬಿಡ್ರೀ, ಮೂಳೆ ಮುರೀತೀರಾ" ಅಂದಳು. ಆದರೆ ಕೈ ಎಳೆದುಕೊಳ್ಳಲಿಲ್ಲ.

ಆಮೇಲೆ ಭಟ್ಟಿಯ ಬೆಂಕಿ ಆರಲೇ ಇಲ್ಲ. ಗಂಡಸರು ಸಾಲಾಗಿ ನಿಂತು ಸಮುದ್ರದ ನೀರು ಕೈಯಿಂದ ಕೈಗೆ ದಾಟಿಸಿದರು, ಹೆಂಗಸರು ತಮ್ಮ ಮನೆಯದೇ ತೊಲೆ ಜಂತಿಗಳನ್ನು ಹೊತ್ತು ತಂದು ಸೌದೆ ಮಾಡಿದರು. ವಾಂತಿಯಾಗುತ್ತಿದ್ದವರಿಗೆ ಮೊದಲು, ಮಕ್ಕಳಿಗೆ ಆಮೇಲೆ, ಉಳಿದವರಿಗೆ ಕೊನೆಗೆ. ಯಾರಾದರೂ ಸಾಲು ಮುರಿದರೆ ಕೊನ್ಸಿಂಗ್ ಮಣೆಯ ಮೇಲಿಂದಲೇ ಗದರುತ್ತಿದ್ದಳು. ಪ್ರಾರ್ಥನೆಯನ್ನೂ ಅಲ್ಲೇ ಕೂತು ಹೇಳಿಸುತ್ತಿದ್ದಳು. ಹಂಚಿ ಕುಡಿದದ್ದು ಸ್ವಲ್ಪವೇ, ಹೊಟ್ಟೆ ತುಂಬ ಯಾರೂ ಕುಡಿಯಲಿಲ್ಲ. ಆದರೆ ನಾಲಿಗೆ ಒಣಗಿ ಯಾರೂ ಮಲಗಲಿಲ್ಲ.

ಕೊನೆಗೆ ಸರ್ಕಾರದ ದೋಣಿ ಬಂತು. ಪ್ಲಾಸ್ಟಿಕ್ ಡಬ್ಬಗಳಲ್ಲಿ ನೀರು ತುಂಬಿಕೊಂಡು ಬಂದಿದ್ದರು, ಹೆಣಗಳಿಗೆಂದು ಬಟ್ಟೆಯ ಚೀಲಗಳನ್ನೂ ತಂದಿದ್ದರು. ದೋಣಿಯ ಮೂತಿಯಲ್ಲಿ ನನ್ನ ಮಗ ದಮ್ಯಾನ್ ಬಿಳಿಚಿಕೊಂಡು ನಿಂತಿದ್ದ. ದಡ ಮುಟ್ಟುವ ಮೊದಲೇ ನೀರಿಗೆ ಹಾರಿ ಲಿಗಾಯಳ ಕಡೆ ಓಡಿದ. ದೋಣಿಯ ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆ ಬಂದ. ಪಾಪ, ಬೇರೆ ದ್ವೀಪಗಳಲ್ಲಿ ಏನೇನು ನೋಡಿ ಬಂದಿದ್ದನೋ, ಮುಖದಲ್ಲಿ ಕಳೆಯೇ ಇರಲಿಲ್ಲ.

"ಇಲ್ಲಿ ಎಷ್ಟು ಜನ ಹೋದ್ರು ತಾಯಿ?" ಅಂದ ಮೆಲ್ಲಗೆ.

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಬೀಗಿತಿ ಮುಂದೆ ನುಗ್ಗಿ, ಹಾಲು ಕುಡಿಯುತ್ತಿದ್ದ ಮಗುವನ್ನು ತಾಯಿಯ ಎದೆಯಿಂದ ಬಿಡಿಸಿ ತಂದು ಅವನ ಕೈಗೇ ಕೊಟ್ಟುಬಿಟ್ಟಳು.

"ಹೋದೋರು ಯಾರೂ ಇಲ್ಲಪ್ಪಾ," ಅಂದಳು. "ಒಬ್ಬಳು ಬಂದಿದ್ದಾಳೆ."

ಹಾಲು ಬಿಡಿಸಿದ ಸಿಟ್ಟಿಗೆ ಮಗು ಮುಖ ಕೆಂಪಗೆ ಮಾಡಿಕೊಂಡು ದ್ವೀಪವೇ ಕಿತ್ತುಹೋಗುವ ಹಾಗೆ ಕಿರುಚಿತು. ಆ ಅಧಿಕಾರಿ ಗಾಬರಿಯಾಗಿ ಎಡಕ್ಕೆ ಬಲಕ್ಕೆ ತೂಗತೊಡಗಿದ. ಸಮಾಧಾನ ಮಾಡಲು ನಾಲ್ಕು ಕಡೆಯಿಂದ ಕೈಗಳು ಬಂದವು.

"ಯಾರೂ ಮುಟ್ಟಬೇಡಿ," ಅಂದೆ ನಾನು, "ಇನ್ನೂ ಸ್ವಲ್ಪ ಹೊತ್ತು ಕಿರುಚಲಿ ಬಿಡಿ."